ಮೂವತ್ತೊಂಬತ್ತರಿಂದ ಐವತ್ತೇಳಕ್ಕೆ

ನನ್ನ ಸೋದರಮಾವನಿಗೆ ಅಳೆಯದೆ ಯಾವುದನ್ನೂ ನಂಬುವುದು ಬರುತ್ತಿರಲಿಲ್ಲ. ಸ್ನಾನದ ನೀರಿಗೂ ಮೊಣಕೈ ಅದ್ದಿ ನೋಡುವವನು. ಅತ್ತೆ ಟೀ ತಂದಿಟ್ಟರೆ ಲೋಟದ ಹೊರಮೈಗೆ ಬೆರಳಿನ ಹಿಂಬದಿ ತಾಗಿಸಿ, ಒಂದು ಕ್ಷಣ ಯೋಚಿಸಿ, ಆಮೇಲೆ ತುಟಿಗೆ ಇಡುತ್ತಿದ್ದ.

"ಮದುವೆಗೆ ಮುಂಚೆ ನನ್ನನ್ನೂ ತೂಗಿ ನೋಡಿದ್ರೋ ಏನೋ" ಎಂದು ಅತ್ತೆ ಗೊಣಗಿದರೆ, "ನೋಡ್ತಿದ್ದೆ. ಆ ವಾರ ತಕ್ಕಡಿ ರಿಪೇರಿಲಿತ್ತು" ಎನ್ನುತ್ತಿದ್ದ.

ಹತ್ತೊಂಬತ್ತು ವರ್ಷ ಅವನು ತೂಕದ ಯಂತ್ರಗಳನ್ನು ರಿಪೇರಿ ಮಾಡುವ ವರ್ಕ್‌ಶಾಪಿನಲ್ಲಿದ್ದ. ಧಾನ್ಯದ ಅಂಗಡಿಯವರು, ಔಷಧಿಯವರು, ಹಳೆ ಕಬ್ಬಿಣ ಕೊಳ್ಳುವವರು ತಂತಮ್ಮ ತಕ್ಕಡಿಗಳನ್ನು ಅಲ್ಲಿಗೆ ಹೊತ್ತು ತರುತ್ತಿದ್ದರು. ಅಲ್ಲೊಂದು ಪದ್ಧತಿ ಇತ್ತು. ಯಂತ್ರ ಬಂದಾಗ ಎಷ್ಟು ತೋರಿಸುತ್ತಿತ್ತು, ರಿಪೇರಿಯಾದ ಮೇಲೆ ಎಷ್ಟು ತೋರಿಸುತ್ತದೆ, ಎರಡನ್ನೂ ಬೆರಳುದ್ದದ ಚೀಟಿಯಲ್ಲಿ ಬರೆದು, ತಾರೀಖು ಹಾಕಿ, ಸಹಿ ಮಾಡಿ ಯಂತ್ರದ ಹೊಟ್ಟೆಯೊಳಗೆ ಅಂಟಿಸಬೇಕು. ಗಿರಾಕಿಗೆ ಅದು ಕಾಣುವುದಿಲ್ಲ. ಮುಂದೆಂದೋ ಆ ಯಂತ್ರವನ್ನು ಬಿಚ್ಚುವ ಇನ್ನೊಬ್ಬ ರಿಪೇರಿಯವನಿಗಾಗಿ ಬರೆದ ಚೀಟಿ ಅದು. ಮಾವನ ಸಹಿ ಕಂಡರೆ ಬಿಚ್ಚಿದವನು ಮತ್ತೊಮ್ಮೆ ತೂಗುವ ಗೋಜಿಗೆ ಹೋಗುತ್ತಿರಲಿಲ್ಲವಂತೆ. ಮಾವನಿಗೆ ಮಕ್ಕಳಾಗಲಿಲ್ಲ, ಸ್ವಂತ ಸೂರು ಆಗಲಿಲ್ಲ. ನನ್ನದು ಎಂದು ಹೇಳಿಕೊಳ್ಳಲು ಅವನಿಗಿದ್ದದ್ದು ಆ ಸಹಿಯೊಂದೇ.

ಮುಳ್ಳಿನ ತಕ್ಕಡಿಗಳು ಹೋಗಿ, ಕೆಟ್ಟರೆ ಬಿಸಾಡಿ ಹೊಸದು ತರುವಂಥ ಯಂತ್ರಗಳು ಬಂದಮೇಲೆ ವರ್ಕ್‌ಶಾಪು ಮುಚ್ಚಿತು. ಮಾವ ನಾಲ್ಕು ತಿಂಗಳು ಮನೆಯಲ್ಲಿ ಕೂತ. ಆಗ ನನ್ನ ಅಮ್ಮ ಅಪ್ಪನ ಕಿವಿ ಕಚ್ಚಿದಳು. ಅಪ್ಪನದು ಕಂಪ್ಯೂಟರ್ ಅಂಗಡಿ, ಮುಂದೆ ಗಾಜಿನ ಬಾಗಿಲು, ಹಿಂದೆ ಕಿಟಕಿಯಿಲ್ಲದ ರಿಪೇರಿ ಕೋಣೆ. "ನಮ್ಮಣ್ಣನ ಕೈಗೆ ಕೆಲಸ ಗೊತ್ತು, ಬಾಯಿ ಇಲ್ಲ. ನಿಮಗೆ ಬಾಯಿ ಇದೆ, ಕೈ ಇಲ್ಲ. ಸರಿಹೋಗುತ್ತೆ" ಎಂದಳು. ಅಪ್ಪ ನಕ್ಕು ಒಪ್ಪಿಕೊಂಡ. ಅಪ್ಪನೂ ಮಾವನೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುತ್ತಿದ್ದರು. ಅಂಗಡಿಯಲ್ಲಿ ಯಾರಾದರೂ "ಭಾವ ಎಲ್ಲಿ" ಎಂದು ಕೇಳಿದರೆ ಇಬ್ಬರೂ ತಲೆ ಎತ್ತುತ್ತಿದ್ದರು.

ಮಾವ ಒಂದು ವರ್ಷದಲ್ಲಿ ಕಂಪ್ಯೂಟರ್ ಬಿಚ್ಚಿ ಜೋಡಿಸುವುದನ್ನು ಕಲಿತ. ಹಳೆಯ ಪದ್ಧತಿಯನ್ನು ಬಿಡಲಿಲ್ಲ. ಬಂದ ಮಿಷನ್ನಿನ ವೇಗವನ್ನು ಮೊದಲು ಅಳೆಯುವುದು, ರಿಪೇರಿಯ ನಂತರ ಮತ್ತೆ ಅಳೆಯುವುದು, ಪೆಟ್ಟಿಗೆಯ ಒಳಬದಿಗೆ ಚೀಟಿ ಅಂಟಿಸುವುದು. ಪ್ರತಿ ಸಲವೂ ಮೂರು ಬಾರಿ ಅಳೆದು ನಡುವಿನ ಸಂಖ್ಯೆಯನ್ನು ಬರೆಯುತ್ತಿದ್ದ. ಅಂಗಡಿಯ ಇನ್ನೊಬ್ಬ ಮೆಕ್ಯಾನಿಕ್ ನಲವತ್ತು ದಾಟಿದ ಧಡೂತಿ ಆಸಾಮಿ. ನಡಿಗೆ ನಿಧಾನವೆಂದು ಎಲ್ಲರೂ ಅವನನ್ನು ಸ್ಪೀಡು ಎಂದು ಕರೆಯುತ್ತಿದ್ದರು. "ಭಾವನವರೇ, ಇದು ಕಂಪ್ಯೂಟರು, ಈರುಳ್ಳಿ ಮೂಟೆ ಅಲ್ಲ" ಎಂದು ಅವನು ಕೆಣಕಿದರೆ ಮಾವ ಚೀಟಿಗೆ ಗೋಂದು ಹಚ್ಚುತ್ತ, "ಈರುಳ್ಳಿ ಆಗಿದ್ರೆ ವಾಸನೆಯಿಂದಾದ್ರೂ ಗೊತ್ತಾಗ್ತಿತ್ತು" ಎನ್ನುತ್ತಿದ್ದ.

ಆ ವರ್ಷಗಳಲ್ಲಿ ಊರಿನ ದೊಡ್ಡವರಿಗೆಲ್ಲ ಆಟದ ಹುಚ್ಚು ಹತ್ತಿತ್ತು. ಟೈಲರು, ಬಸ್ಸಿನ ಡ್ರೈವರು, ಪ್ರಯೋಗಾಲಯದ ಅಟೆಂಡರು, ಕೆಲಸ ಮುಗಿಸಿ ಬಂದವರು ಕಾರು ಓಡಿಸುವ, ಕೋಟೆ ಕಾಯುವ, ಗುಂಡು ಹಾರಿಸುವ ಆಟಗಳ ಮುಂದೆ ಕೂರುತ್ತಿದ್ದರು. ಅವರ ಮಾತೆಲ್ಲ ಫ್ರೇಮುಗಳದ್ದು. ಪರದೆಯ ಮೇಲೆ ಒಂದು ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತವೆ ಎಂಬ ಲೆಕ್ಕ ಅದು. ಮೂವತ್ತಾದರೆ ಕಾರು ತಡವರಿಸಿದಂತೆ ಕಾಣುತ್ತದೆ, ಅರವತ್ತಾದರೆ ನೀರಿನಂತೆ ಹರಿಯುತ್ತದೆ. ಪರದೆಯ ಮೂಲೆಯಲ್ಲಿ ಆ ಅಂಕೆಯನ್ನು ಇಟ್ಟುಕೊಂಡೇ ಆಡುತ್ತಿದ್ದರು, ಜ್ವರ ಬಂದವರ ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟಹಾಗೆ.

ಒಂದು ದಿನ ಟೈಲರು ತನ್ನ ಮಿಷನ್ ತಂದ. ಅದರ ಹಳೇ ಹಾರ್ಡ್ ಡಿಸ್ಕು, ಒಳಗೆ ತಟ್ಟೆ ಗಿರಗಿರನೆ ತಿರುಗುವ ಬಗೆಯದು, ಸದ್ದು ಮಾಡುತ್ತಿತ್ತು. ಮಾವ ಅದನ್ನು ತೆಗೆದು ತಿರುಗುವ ಭಾಗವೇ ಇಲ್ಲದ ಹೊಸ ಎಸ್‌ಎಸ್‌ಡಿ ಹಾಕಿದ. ಬಿಚ್ಚಿದ್ದು ಹೇಗೂ ಬಿಚ್ಚಾಗಿದೆ ಎಂದು ಬ್ರಷ್ಷಿನಿಂದ ಧೂಳು ಹೊಡೆದ, ಫ್ಯಾನಿನ ರೆಕ್ಕೆಗಳನ್ನು ಒದ್ದೆ ಬಟ್ಟೆಯಲ್ಲಿ ಒಂದೊಂದಾಗಿ ಒರೆಸಿದ, ಚಿಪ್ಪಿನ ಬಿಸಿಯನ್ನು ಮೇಲಕ್ಕೆ ದಾಟಿಸುವ ಬಿಳಿ ಲೇಪ ಒಣಗಿ ಸುಣ್ಣವಾಗಿತ್ತು, ಅದನ್ನು ಕೆರೆದು ಹೊಸದು ಹಚ್ಚಿದ. ಇದಕ್ಕೆ ಅವನು ಏನನ್ನೂ ಕೇಳುತ್ತಿರಲಿಲ್ಲ, ಯಾರಿಗೂ ಹೇಳುತ್ತಲೂ ಇರಲಿಲ್ಲ. ಕೊಳೆ ತುಂಬಿದ ಯಂತ್ರವನ್ನು ಹಾಗೇ ಮುಚ್ಚಿ ಕೊಡುವುದು ಅವನ ಕೈಗೆ ಗೊತ್ತಿರಲಿಲ್ಲ, ಅಷ್ಟೇ. ಆಮೇಲೆ ಅಳೆದು ಚೀಟಿ ಬರೆದ. ಡ್ರೈವ್ ಬದಲು. ಮೊದಲು ಮೂವತ್ತೊಂಬತ್ತು, ನಂತರ ಐವತ್ತೇಳು. ಸಹಿ.

ಅಂಟಿಸುವ ಮೊದಲು ಚೀಟಿ ಅಪ್ಪನ ಕಣ್ಣಿಗೆ ಬಿತ್ತು.

"ಡ್ರೈವ್ ಬದಲಿಸಿದ್ದಕ್ಕೆ ಫ್ರೇಮ್ ಇಷ್ಟು ಏರ್ತಾ ಭಾವ?"

"ಏರಿದೆ. ಮೂರು ಸಲ ನೋಡಿದೆ."

ಅಪ್ಪ ಚೀಟಿಯ ಫೋಟೋ ತೆಗೆಸಿ, ದೊಡ್ಡದು ಮಾಡಿಸಿ, ಗಾಜಿನ ಬಾಗಿಲಿಗೆ ಅಂಟಿಸಿದ. ಮೇಲೆ ಒಂದು ಫಲಕ ಬಂತು: 'ಡ್ರೈವ್ ಬದಲಿಸಿ, ಫ್ರೇಮ್ ಏರಿಸಿ'. ಅಕ್ಷರ ದುಂಡಗಿದೆಯೆಂದು ಅದನ್ನು ನನ್ನ ಕೈಯಲ್ಲೇ ಬರೆಸಿದ. ನಾನು 'ಏರಿಸಿ'ಯ ಏಕಾರಕ್ಕೆ ಸ್ವಲ್ಪ ಬಾಗು ಕೊಟ್ಟು, ಮೇಲಕ್ಕೆ ಹಾರುವ ಹಾಗೆ ಬರೆದಿದ್ದೆ. ಚೆನ್ನಾಗಿದೆ ಎಂದು ಎಲ್ಲರೂ ಹೇಳಿದರು.

ಮೂರು ವರ್ಷ ಅಂಗಡಿಗೆ ಪುರುಸೊತ್ತಿರಲಿಲ್ಲ. ಮಿಷನ್ನುಗಳು ಬಂದವು, ಮಾವ ಡ್ರೈವ್ ಬದಲಿಸಿದ, ಧೂಳು ಹೊಡೆದ, ಲೇಪ ಹಚ್ಚಿದ, ಅಳೆದ. ಅಂಕೆ ಏರುತ್ತಲೇ ಇತ್ತು. ಪ್ರತಿ ಸಲವೂ ಸಹಿ ಹಾಕಿದ. ಈಗ ಗಿರಾಕಿಗಳು ಚೀಟಿಯ ಒಂದು ಪ್ರತಿಯನ್ನು ಕೇಳಿ ಪಡೆಯುತ್ತಿದ್ದರು. ಕೆಲವರು ಅದನ್ನು ಪ್ಲಾಸ್ಟಿಕ್ ಹೊದಿಸಿ ಮೇಜಿನ ಗಾಜಿನಡಿ ಇಟ್ಟುಕೊಂಡಿದ್ದರಂತೆ. ಇದನ್ನು ಕೇಳಿದ ದಿನ ಮಾವ ಊಟದ ಹೊತ್ತಿನಲ್ಲಿ ಎರಡು ಸಲ ನೀರು ಕೇಳಿ ಕುಡಿದ. ಅವನಿಗೆ ಸಂತೋಷವಾದರೆ ಬಾಯಿ ಒಣಗುತ್ತಿತ್ತು.

ನಂತರ ಅಂಚೆ ಕಚೇರಿಯ ಗುಮಾಸ್ತೆ ಬಂದಳು. ಕೌಂಟರಿನಲ್ಲಿ ಕೂತವರ ಧ್ವನಿಯೇ ಬೇರೆ, ಗಾಜಿನ ಆಚೆಯಿಂದ ಮಾತಾಡಿ ಮಾತಾಡಿ ಖಾರವಾಗಿರುತ್ತದೆ.

"ನೀವೇ ಬರೆದದ್ದಲ್ವಾ ಇದು? ಮೊದಲು ಅರವತ್ತೊಂದು, ನಂತರ ಅರವತ್ತೊಂದು. ಊರಿಗೆಲ್ಲಾ ಏರುತ್ತೆ, ನನಗೆ ಮಾತ್ರ ಯಾಕೆ ಏರಲಿಲ್ಲ? ನಾನೇನು ಪಾಪ ಮಾಡಿದ್ದೆ?"

ಮಾವ ಚೀಟಿ ಇಸಕೊಂಡು ನೋಡಿದ. ತನ್ನದೇ ಅಕ್ಷರ. ಅವಳ ಮಿಷನ್ ಬಂದದ್ದು ಸ್ಪೀಡು ರಜೆ ಹಾಕಿದ್ದ ವಾರ, ಕೆಲಸ ಮೈಮೇಲೆ ಬಿದ್ದಿತ್ತು, ಅಳೆದದ್ದನ್ನು ಬರೆದುಕೊಟ್ಟು ಮರೆತಿದ್ದ.

"ಆಟ ಬೇಗ ತೆರೆಯುತ್ತಾ?"

"ತೆರೆಯುತ್ತೆ. ಮುಂಚೆ ಅದು ತೆರೆಯೋ ಅಷ್ಟರಲ್ಲಿ ಪಾತ್ರೆ ತೊಳೆದಿಟ್ಟು ಬರ್ತಿದ್ದೆ. ಈಗ ಕೈ ಒರೆಸಿಕೊಳ್ಳೋಕೂ ಬಿಡಲ್ಲ. ನಾನು ಕೇಳ್ತಿರೋದು ಫ್ರೇಮು."

ಅಪ್ಪ ಮುಂದಿನಿಂದ ಬಂದು ನಡುವೆ ಬಾಯಿ ಹಾಕಿ, "ಒಂದೊಂದು ಮಿಷನ್ ಹಾಗೇ ಮೇಡಂ, ಜಾತಕ ಸರಿ ಇರಲ್ಲ" ಎಂದು ಸಮಾಧಾನ ಹೇಳಿ ಕಳಿಸಿದ. ಅವಳು ಹೋದಳು. ಪ್ರಶ್ನೆಯನ್ನು ಮಾತ್ರ ಮಾವನ ಮೇಜಿನ ಮೇಲೆ ಬಿಟ್ಟುಹೋದಳು.

ಎರಡು ವಾರ ಮಾವ ಸರಿಯಾಗಿ ಊಟ ಮಾಡಲಿಲ್ಲವೆಂದು ಅತ್ತೆ ಅಮ್ಮನಿಗೆ ಹೇಳಿದಳು. ಅವನು ಗುಮಾಸ್ತೆಯ ಮನೆಗೇ ಹೋಗಿ ಮಿಷನ್ ತೆರೆದು ನೋಡಿ ಬಂದಿದ್ದ. ಆರು ತಿಂಗಳ ಹೊಸ ಯಂತ್ರ. ಒಳಗೆ ಕನ್ನಡಿಯ ಹಾಗೆ ಸ್ವಚ್ಛ, ಅಂಗಡಿಗೆ ಬಂದ ದಿನವೂ ಅದರಲ್ಲಿ ಒರೆಸಲು ಧೂಳಿರಲಿಲ್ಲ.

ಅಷ್ಟರಲ್ಲಿ ಮುಚ್ಚಿಹೋದ ಒಂದು ಕಚೇರಿಯಿಂದ ಎರಡು ಹಳೇ ಮಿಷನ್ನುಗಳು ಅಂಗಡಿಗೆ ಬಂದವು. ಒಂದೇ ಕಂಪನಿ, ಒಂದೇ ವರ್ಷ, ಒಂದೇ ಪ್ರಮಾಣದ ಧೂಳು. ಅಪ್ಪ ಊರಲ್ಲಿಲ್ಲದ ಒಂದು ಭಾನುವಾರ ಮಾವ ನನ್ನನ್ನು ಅಂಗಡಿಗೆ ಕರೆದ. "ನಿನ್ನ ಅಕ್ಷರ ಚೆನ್ನಾಗಿದೆ, ನಾನು ಹೇಳಿದ್ದನ್ನ ಬರೀತಾ ಹೋಗು" ಎಂದ. ಒಂದೇ ಆಟ, ಒಂದೇ ರಸ್ತೆ, ಒಂದೇ ಕಾರು. ಮೊದಲು ಎರಡನ್ನೂ ಹಾಗೇ ಅಳೆದ. ಎರಡೂ ಮೂವತ್ತೊಂಬತ್ತು. ನಂತರ ಮೊದಲನೆಯದಕ್ಕೆ ಹೊಸ ಡ್ರೈವ್ ಮಾತ್ರ ಹಾಕಿದ. ಬ್ರಷ್ಷಿನ ಕಡೆಗೆ ಹೋದ ಕೈಯನ್ನು ಅವನು ಹಿಂದಕ್ಕೆ ಎಳೆದುಕೊಂಡದ್ದನ್ನು ನಾನು ನೋಡಿದೆ. ಧೂಳನ್ನು ಹಾಗೇ ಬಿಟ್ಟು ಮುಚ್ಚಿದ. ಆಟ ತೆರೆಯಲು ಎಪ್ಪತ್ತೆರಡು ಸೆಕೆಂಡು ಹಿಡಿಯುತ್ತಿದ್ದದ್ದು ಹತ್ತೊಂಬತ್ತಕ್ಕೆ ಇಳಿಯಿತು. ರಸ್ತೆ ತಿರುಗಿದಾಗ ಹೊಸ ಕಟ್ಟಡಗಳು ಮೂಡುವಲ್ಲಿ ಆಗುತ್ತಿದ್ದ ಸಣ್ಣ ಮುಗ್ಗರಿಕೆ ನಿಂತಿತು. ಆದರೆ ಮೂಲೆಯ ಅಂಕೆ ಮೂವತ್ತೊಂಬತ್ತು. ಮೂರು ಸಲ ಮೂವತ್ತೊಂಬತ್ತು.

ಎರಡನೆಯದಕ್ಕೆ ಡ್ರೈವ್ ಬದಲಿಸಲಿಲ್ಲ. ಧೂಳು ಹೊಡೆದು, ಫ್ಯಾನ್ ಒರೆಸಿ, ಲೇಪ ಹಚ್ಚಿದ. ಆಟ ತೆರೆಯಲು ಮತ್ತೆ ಎಪ್ಪತ್ತೊಂದು ಸೆಕೆಂಡು. ಕಾಯುತ್ತ ಇಬ್ಬರೂ ಪರದೆಯನ್ನೇ ನೋಡುತ್ತಿದ್ದೆವು. ಕಾರು ಹೊರಟಿತು. ಐವತ್ತೇಳು.

"ಬರೀಲಾ ಮಾವ?" ಎಂದೆ.

ಅವನು ಬ್ರಷ್ಷನ್ನು ಎತ್ತಿ ಬದಿಗಿಟ್ಟ. ನಂತರ ನನಗೆ ಅರ್ಥವಾಗುವ ಹಾಗೆ ಹೇಳಿದ, ಅಥವಾ ತನಗೇ ಹೇಳಿಕೊಂಡ. "ಡ್ರೈವ್ ಅಂದ್ರೆ ಉಗ್ರಾಣ. ಉಗ್ರಾಣ ಅಡುಗೆಮನೆಗೆ ಹತ್ತಿರ ಆದ್ರೆ ಸಾಮಾನು ಬೇಗ ಬರುತ್ತೆ, ಅಡುಗೆ ಬೇಗ ಶುರು ಆಗುತ್ತೆ. ಅದು ನಿಜ. ಆದ್ರೆ ಒಲೆ ಉರಿ ಜಾಸ್ತಿ ಆಗಲ್ಲ. ಚಿತ್ರ ಬೇಯೋದು ಒಲೆ ಮೇಲೆ. ಒಲೆಗೆ ಬೂದಿ ಕಟ್ಟಿತ್ತು. ನಾನು ಬೂದಿ ತೆಗೀತಾ ಇದ್ದೆ. ತೆಗೆದು ಉಗ್ರಾಣದ ಹೆಸರು ಬರೀತಾ ಇದ್ದೆ."

ಬಿಸಿಯಾದ ಚಿಪ್ಪು ಸುಟ್ಟುಹೋಗದಿರಲು ತಾನಾಗಿಯೇ ನಿಧಾನ ಮಾಡಿಕೊಳ್ಳುತ್ತದೆ. ಇದು ಮಾವನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಒರೆಸುವುದು ಅವನಿಗೆ ಕೆಲಸವೆಂದೇ ಅನಿಸಿರಲಿಲ್ಲ, ಕೈ ತೊಳೆದುಕೊಂಡು ಊಟಕ್ಕೆ ಕೂತಷ್ಟು ಸಹಜವಾಗಿತ್ತು. ಚೀಟಿಯಲ್ಲಿ ಬರೆಯುವುದು ಮಾಡಿದ ಕೆಲಸವನ್ನು. ಕೈ ತೊಳೆದದ್ದನ್ನು ಯಾರು ಬರೆಯುತ್ತಾರೆ?

ಅಪ್ಪ ವಾಪಸು ಬಂದ ದಿನ ಮಧ್ಯಾಹ್ನವೇ ಮಾವ ನಮ್ಮ ಮನೆಗೆ ಬಂದ. ಭಾನುವಾರ ನಾನು ಅಳತೆ ಬರೆದಿದ್ದ ಕಾಗದವನ್ನು ಊಟದ ಮೇಜಿನ ಮೇಲಿಟ್ಟ. ಅಪ್ಪ ಓದಿದ. ಅಪ್ಪ ದಡ್ಡನಲ್ಲ, ಒಂದೇ ಸಲಕ್ಕೆ ಅರ್ಥವಾಯಿತು.

"ಯಾರಿಗೆಲ್ಲ ತೋರಿಸಿದೀರಿ ಭಾವ?"

"ನಿಮಗೇ ಮೊದಲು."

"ಒಳ್ಳೇದಾಯ್ತು. ಇಲ್ಲೇ ಇರಲಿ."

"ಫಲಕ ತೆಗೀಬೇಕಲ್ಲ ಭಾವ."

"ತೆಗೆದು? ಧೂಳು ಹೊಡೆಯಲಾಗುವುದು ಅಂತ ಬರೆಸ್ಲಾ? ಧೂಳು ಹೊಡೆಸೋಕೆ ಯಾರು ಬರ್ತಾರೆ ಹೇಳಿ. ಅವರವರ ಮನೇಲಿ ಪೊರಕೆ ಇಲ್ವಾ?" ಅಪ್ಪ ಮೆತ್ತಗಾದ. "ನೋಡಿ, ಗಿರಾಕಿಗೆ ಬೇಕಾದ್ದು ಏರಿದ ಅಂಕೆ. ಅವನಿಗೆ ಅದು ಸಿಗ್ತಾ ಇದೆ. ಮೋಸ ಯಾರಿಗಾಯ್ತು?"

"ಚೀಟಿಗೆ ಆಯ್ತು" ಎಂದ ಮಾವ.

ಅಮ್ಮ ಇಬ್ಬರ ತಟ್ಟೆಗೂ ಮತ್ತೊಮ್ಮೆ ಅನ್ನ ಬಡಿಸಿದಳು. ಇಬ್ಬರೂ ಬೇಡವೆನ್ನಲಿಲ್ಲ, ಇಬ್ಬರೂ ಮುಟ್ಟಲೂ ಇಲ್ಲ.

ಅದೇ ತಿಂಗಳು ಪಾರ್ಲರಿನ ಕೆಲಸ ಬಂತು. ಬಸ್ ನಿಲ್ದಾಣದ ಹಿಂದಿನ ಕಟ್ಟಡದ ಎರಡನೇ ಮಹಡಿಯಲ್ಲಿ ಆಟದ ಪಾರ್ಲರು, ಮೂವತ್ತು ಮಿಷನ್ನು, ಎಲ್ಲವೂ ಹಳೇ ಹಾರ್ಡ್ ಡಿಸ್ಕಿನವು. ಅದನ್ನು ನಡೆಸುತ್ತಿದ್ದ ಹೆಂಗಸು ಹಿಂದೆ ಬ್ಯೂಟಿ ಪಾರ್ಲರ್ ಇಟ್ಟಿದ್ದವಳು, ಬೋರ್ಡಿನ ಅರ್ಧ ಮಾತ್ರ ಬದಲಿಸಿದೆ ಎಂದು ತಾನೇ ನಗುತ್ತಿದ್ದಳು. ಮೂವತ್ತಕ್ಕೂ ಡ್ರೈವ್ ಬದಲಿಸಬೇಕು, ಒಂದೊಂದಕ್ಕೂ ಚೀಟಿ ಬೇಕು, ಚೀಟಿಯ ಮೇಲೆ 'ಆ ತಕ್ಕಡಿಯವರ' ಸಹಿಯೇ ಬೇಕು ಎಂದಳು. ಆಡಲು ಬಂದವರಿಗೆ ತೋರಿಸಲು ಗೋಡೆಗೆ ಹಾಕುತ್ತಾಳಂತೆ.

ಅಪ್ಪ ಮಾವನನ್ನು ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂರಿಸಿ ಮಾತಾಡಿದ. ನಾನು ಮುಂದೆ ಬಿಲ್ಲು ಬರೆಯುತ್ತಿದ್ದೆ, ನಡುವೆ ಇದ್ದದ್ದು ಒಂದು ಬಟ್ಟೆಯ ಪರದೆ.

"ನೀವು ಸುಳ್ಳು ಬರೀಬೇಕಾಗಿಲ್ಲ. ಇಷ್ಟು ದಿನ ಮಾಡಿದ್ದನ್ನೇ ಮಾಡಿ. ಬದಲಿಸಿ, ಒರೆಸಿ, ಅಳೆಯಿರಿ. ಮೊದಲು ಎಷ್ಟು, ನಂತರ ಎಷ್ಟು. ಎರಡೂ ನಿಜವಾದ ಅಂಕೆ ತಾನೇ?"

"ಎರಡರ ಮಧ್ಯೆ ಏನಿದೆ ಅನ್ನೋದು ನಿಜ ಅಲ್ಲ."

"ಮಧ್ಯೆ ಇರೋದನ್ನ ಯಾರು ಓದ್ತಾರೆ ಭಾವ?"

"ಇಷ್ಟು ದಿನ ಗೊತ್ತಿರಲಿಲ್ಲ, ಹಾಕಿದೆ. ಈಗ ಗೊತ್ತು."

"ಗೊತ್ತಿಲ್ಲದೆ ಮುನ್ನೂರು ಸಹಿ ಹಾಕಿದೋರು ಗೊತ್ತಿದ್ದು ಮೂವತ್ತು ಹಾಕೋಕೆ ಆಗಲ್ವಾ?" ಅಪ್ಪನ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. "ನಿಮ್ಮನ್ನ ಇಲ್ಲಿ ಕೂರಿಸಿದಾಗ ನಾನೇನು ಅಳೆದು ನೋಡಿದ್ನಾ?"

ಸ್ಪೀಡು ನನ್ನ ಪಕ್ಕ ನಿಂತು ಒಂದು ಸ್ಕ್ರೂವನ್ನು ಅಂಗೈಯಲ್ಲಿ ಉರುಳಿಸುತ್ತಿದ್ದ. "ಭಾವ ಭಾವ ಸೇರಿ ನಮ್ಮ ಹೊಟ್ಟೆ ಮೇಲೆ ಹೊಡೀತಾರೆ ನೋಡು" ಎಂದು ಪಿಸುಗುಟ್ಟಿದ. ನಗಿಸಲೆಂದೇ ಹೇಳಿದ್ದ. ನಗು ಬರಲಿಲ್ಲ.

ಮಾವ ಪಾರ್ಲರಿಗೆ ಹೋದ. ಮೊದಲ ದಿನ ಐದು ಮಿಷನ್ ಮುಗಿಸಿದ. ಒಂದೊಂದನ್ನೂ ಮೂರು ಹಂತದಲ್ಲಿ ಅಳೆದು ಚೀಟಿಯಲ್ಲಿ ಮೂರು ಸಾಲು ಬರೆದ. ಬಂದಾಗ ನಲವತ್ತು. ಡ್ರೈವ್ ಬದಲಿಸಿದ ಮೇಲೆ ನಲವತ್ತು. ಧೂಳು ತೆಗೆದು ಲೇಪ ಹಚ್ಚಿದ ಮೇಲೆ ಐವತ್ತೊಂಬತ್ತು. ಕೆಳಗೆ ಸಹಿ. ಐದೂ ಚೀಟಿಗಳನ್ನು ಪಾರ್ಲರಿನವಳ ಕೈಗೆ ಕೊಟ್ಟು, ವಿಷಯ ಹೀಗೆ ಎಂದು ಬಾಯಲ್ಲೂ ಹೇಳಿದ. ಉಳಿದ ಇಪ್ಪತ್ತೈದಕ್ಕೆ ಬೇಗ ತೆರೆಯಬೇಕೆಂದಿದ್ದರೆ ಡ್ರೈವ್ ಹಾಕಿಸಿ, ಫ್ರೇಮಿಗಾಗಿಯೇ ಆದರೆ ಬೇಡ, ಒರೆಸಿಕೊಟ್ಟರೆ ಸಾಕು ಎಂದ.

ಅವಳು ಚೀಟಿಗಳನ್ನು ನೋಡಿದಳು. ನಂತರ ಮೇಜಿನ ಖಾನೆಯಿಂದ ಒಂದು ಕಡತ ತೆಗೆದಳು. ಕೆಲಸ ಒಪ್ಪಿಸುವ ಮೊದಲು ಊರೆಲ್ಲ ವಿಚಾರಿಸಿದ್ದಳು. ಟೈಲರದು, ಡ್ರೈವರದು, ಅಟೆಂಡರದು, ಎಂಟು ಹತ್ತು ಹಳೇ ಚೀಟಿಗಳ ಪ್ರತಿ.

"ಈ ಸಹಿ ಯಾರದು?"

"ನಂದೇ."

"ಡ್ರೈವ್ ಬದಲು, ಮೂವತ್ತೊಂಬತ್ತರಿಂದ ಐವತ್ತೇಳು. ಇದನ್ನ ಬರೆದೋರು?"

"ನಾನೇ. ಆಗ ಗೊತ್ತಿರಲಿಲ್ಲ."

"ಮೂರು ವರ್ಷ ಗೊತ್ತಿರಲಿಲ್ಲ, ನನ್ನ ಕೆಲಸ ಬಂದ ತಿಂಗಳು ಗೊತ್ತಾಯ್ತು." ಅವಳು ಕಡತ ಮುಚ್ಚಿದಳು. "ಅಣ್ಣಾ, ನಾನೂ ಹದಿನೈದು ವರ್ಷ ಅಂಗಡಿ ನಡೆಸಿದೋಳು. ನಿಮಗೆ ನಿಮ್ಮ ಭಾವನ ಜತೆ ಆಗಿಬರ್ತಾ ಇಲ್ಲ ಅಂದ್ರೆ ಮನೇಲಿ ಮಾತಾಡಿಕೊಳ್ಳಿ. ಅಥವಾ ಕೆಲಸ ನಿಮಗೇ ಬೇಕು ಅಂದ್ರೆ ನೇರ ಕೇಳಿ. ಅವರ ಚೀಟಿಗೆ ಸಹಿ ಹಾಕೋ ಕೈಲೇ ಅವರ ಸಾಮಾನು ಸರಿ ಇಲ್ಲ ಅಂತ ಬರೀಬೇಡಿ."

"ಸಾಮಾನು ಸರಿ ಇದೆ. ಅದು ಮಾಡೋ ಕೆಲಸ ಬೇರೆ. ಬೇಕಿದ್ರೆ ನಿಮ್ಮ ಮುಂದೆ ಅಳೆದು ತೋರಿಸ್ತೀನಿ" ಎಂದ ಮಾವ.

"ಯಾವುದನ್ನ ನಂಬ್ಲಿ ಹೇಳಿ. ಈ ಚೀಟಿ ಬರೆದ ನಿಮ್ಮನ್ನೋ, ಆ ಚೀಟಿ ಬರೆದ ನಿಮ್ಮನ್ನೋ?"

ಈ ಮಾತನ್ನೆಲ್ಲ ಮಾವನೇ ಒಂದಕ್ಷರ ಬಿಡದೆ ಅಮ್ಮನಿಗೆ ಒಪ್ಪಿಸಿದ. ತನ್ನ ಪರವಾಗಿ ಒಂದು ಮಾತನ್ನೂ ಸೇರಿಸಲಿಲ್ಲ.

ಅವಳು ಅಪ್ಪನಿಗೆ ಫೋನ್ ಮಾಡಿದಳು. ಅಪ್ಪ ಸಂಜೆ ಮಾವನ ಬ್ರಷ್ಷು, ಗೋಂದಿನ ಬಾಟಲಿ, ಮೂರು ಸ್ಕ್ರೂಡ್ರೈವರುಗಳನ್ನು ಒಂದು ರಟ್ಟಿನ ಡಬ್ಬದಲ್ಲಿ ಹಾಕಿ ಸ್ಪೀಡಿನ ಕೈಯಲ್ಲಿ ಮಾವನ ಮನೆಗೆ ಕಳಿಸಿದ. ಬೈಗುಳ ಕಳಿಸಲಿಲ್ಲ. ಸ್ಪೀಡು ಡಬ್ಬವನ್ನು ಬಾಗಿಲಲ್ಲಿಟ್ಟು, "ಭಾವನವರೇ, ಭಾರ ಏನಿಲ್ಲ" ಎಂದನಂತೆ.

ಉಳಿದ ಇಪ್ಪತ್ತೈದು ಮಿಷನ್ನುಗಳನ್ನು ಸ್ಪೀಡು ಮುಗಿಸಿದ. ಪಾರ್ಲರಿನವಳಿಗೆ ಬೇಕಾದ ಸಹಿಯೂ ಇತ್ತು. ಅಪ್ಪ ಹಳೆಯ ಚೀಟಿಯೊಂದರಿಂದ ಮಾವನ ಸಹಿಯ ರಬ್ಬರ್ ಮುದ್ರೆ ಮಾಡಿಸಿದ್ದ. ಅದು ನಮ್ಮ ಮನೆಯ ಊಟದ ಮೇಜಿನ ಮೇಲೆ, ಉಪ್ಪಿನ ಭರಣಿಯ ಪಕ್ಕ, ಎರಡು ದಿನ ಬಿದ್ದಿತ್ತು. ಅಮ್ಮ ಅದನ್ನು ಎತ್ತಿ ನೋಡಿ, ತಿರುಗಿಸಿ, ಅಲ್ಲೇ ಇಟ್ಟಳು.

"ನಮ್ಮಣ್ಣನ ಹೆಸರು ಅದು" ಎಂದಳು.

"ನಿಮ್ಮಣ್ಣನ ಹೆಸರಿಗೆ ಬೆಲೆ ಬಂದದ್ದು ನನ್ನ ಬಾಗಿಲ ಮೇಲೆ" ಎಂದ ಅಪ್ಪ.

ಅಮ್ಮ ಮತ್ತೆ ಆ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ. ಫಲಕದ ಬಣ್ಣ ಮಾಸಿದೆ, ಮತ್ತೆ ಬರೆದುಕೊಡು ಎಂದು ಅಪ್ಪ ಹೇಳಿದಾಗ ಪರೀಕ್ಷೆ ಇದೆ ಎಂದೆ. ಇರಲಿಲ್ಲ. ಅಪ್ಪ ಪೇಂಟರನ್ನು ಕರೆಸಿದ.

ಮಾವ ಮನೆಯ ಮುಂದಿನ ಕೋಣೆಯಲ್ಲಿ ಒಂದು ಮೇಜು ಹಾಕಿಕೊಂಡ. ಮೇಜಿನ ಕಾಲು ಒಂದು ಗಿಡ್ಡ, ಅದರಡಿ ಮಡಿಸಿದ ಕಾಗದ. 'ಕಂಪ್ಯೂಟರ್ ಧೂಳು ತೆಗೆಯಲಾಗುವುದು' ಎಂದು ರಟ್ಟಿನ ಮೇಲೆ ಬರೆದು ಕಿಟಕಿಗೆ ಕಟ್ಟಿದ. ಅಪ್ಪ ಹೇಳಿದ್ದು ನಿಜವಾಯಿತು. ಯಾರೂ ಬರಲಿಲ್ಲ. ಬಂದವರು ಫ್ಯಾನು ಕಿರುಗುಟ್ಟುತ್ತದೆ, ಇರುವೆ ಗೂಡು ಕಟ್ಟಿದೆ ಎಂದು ಬಂದರು. ಅವರಿಗೆ ಡ್ರೈವಿನ ವಿಷಯ ಹೇಳಹೋದರೆ, "ಬಿಟ್ಟುಬಂದ ಅಂಗಡಿ ಮೇಲೆ ಹಾಗೆಲ್ಲ ಹೇಳಬಾರದು" ಎಂದು ಅವನಿಗೇ ಬುದ್ಧಿ ಹೇಳಿದರು. ಎರಡು ತಿಂಗಳಲ್ಲಿ ಅವನು ಹೇಳುವುದನ್ನು ಬಿಟ್ಟ. ಚೀಟಿ ಬರೆಯುವುದನ್ನೂ ಬಿಟ್ಟ. ಅತ್ತೆ ಒಂದು ನರ್ಸರಿ ಶಾಲೆಯಲ್ಲಿ ಆಯಾ ಕೆಲಸಕ್ಕೆ ಸೇರಿದಳು. "ಮೂವತ್ತು ಮಕ್ಕಳ ಮೂಗು ಒರೆಸ್ತೀನಿ, ಇವರು ಮಿಷನ್ನಿನ ಮೂಗು ಒರೆಸ್ತಾರೆ. ಒಂದೇ ವ್ಯಾಪಾರ" ಎಂದು ನಗುತ್ತಿದ್ದಳು. ಆ ನಗುವಿಗೆ ಮಾವ ಜೊತೆ ಕೊಡುತ್ತಿರಲಿಲ್ಲ.

ಕಳೆದ ತಿಂಗಳು ಅಮ್ಮ ಕೊಟ್ಟ ಹೊದಿಕೆಗಳನ್ನು ಕೊಡಲು ನಾನು ಅಲ್ಲಿಗೆ ಹೋಗಿದ್ದೆ. ಮಧ್ಯಾಹ್ನ. ಸ್ಟುಡಿಯೋ ಇಟ್ಟಿರುವ ಫೋಟೋಗ್ರಾಫರ್ ಒಬ್ಬ ಮಿಷನ್ ಹೊತ್ತು ಬಂದ. ಊರಿಗೆ ಹೊಸಬ, ಮಾವನ ಪರಿಚಯವಿಲ್ಲ, ಕಿಟಕಿಯ ರಟ್ಟು ನೋಡಿ ಬಂದವನು. ಫ್ಯಾನು ವಿಮಾನದ ಹಾಗೆ ಸದ್ದು ಮಾಡುತ್ತಿದೆ ಎಂದ.

"ಹೋದ ವಾರ ತಾನೇ ದೊಡ್ಡ ಅಂಗಡಿಲಿ ಡ್ರೈವ್ ಹಾಕಿಸಿದೆ. ಆಟಕ್ಕೆ ಅಂತ. ಏರಿದೆ ಅಂತ ಚೀಟಿನೂ ಕೊಟ್ಟಿದಾರೆ. ಆದ್ರೆ ಆಡುವಾಗ ನನಗೇನೂ ಗೊತ್ತಾಗ್ತಾ ಇಲ್ಲ."

ಚೀಟಿಯನ್ನು ಮೇಜಿನ ಮೇಲಿಟ್ಟ. ಅಚ್ಚಾದ ಚೀಟಿ. ಡ್ರೈವ್ ಬದಲು, ಮೊದಲು ನಲವತ್ತು, ನಂತರ ಐವತ್ತೆಂಟು. ಕೆಳಗೆ ನೇರಳೆ ಶಾಯಿಯಲ್ಲಿ ಮಾವನ ಸಹಿ. ಮಾವ ಅದನ್ನು ಮುಟ್ಟಲಿಲ್ಲ. ಮಿಷನ್ ತೆರೆದ. ಒಳಗೆ ಹೊಸ ಡ್ರೈವು ಹೊಳೆಯುತ್ತಿತ್ತು, ಅದರ ಸುತ್ತ ಬೆರಳು ಇಟ್ಟರೆ ಹುದುಗುವಷ್ಟು ಧೂಳು. ಅಂಗಡಿಯಲ್ಲಿ ಈಗ ಯಾರೂ ಒರೆಸುತ್ತಿರಲಿಲ್ಲ. ಯಾರೂ ಅಳೆಯುತ್ತಲೂ ಇರಲಿಲ್ಲ.

ಮಾವ ಅಳೆದ. "ನಲವತ್ತೊಂದು ಬರ್ತಾ ಇದೆ" ಎಂದ.

"ಐವತ್ತೆಂಟು ಇದೆ ಅದು. ನಿಮ್ಮ ಅಳತೆ ಸರಿ ಇದೆಯಾ ನೋಡಿ" ಎಂದ ಫೋಟೋಗ್ರಾಫರ್. ಒರಟಾಗಿಯೇನೂ ಹೇಳಲಿಲ್ಲ. "ಈ ಸಹಿ ಮಾಡಿದೋರು ತಕ್ಕಡಿ ಕೆಲಸದಲ್ಲಿ ಪಳಗಿದೋರಂತೆ. ಅವರ ಅಳತೆ ತಪ್ಪಲ್ಲ ಅಂತ ಎಲ್ಲರೂ ಹೇಳಿದ್ರು."

ಒಳಬಾಗಿಲಲ್ಲಿ ನಿಂತಿದ್ದ ಅತ್ತೆ ಬಾಯಿ ತೆರೆದಳು. ಮಾವ ತಲೆ ಎತ್ತದೆಯೇ ಎಡಗೈ ಆಡಿಸಿದ, ಬೇಡ ಎನ್ನುವ ಹಾಗೆ.

ಬ್ರಷ್ಷು ತೆಗೆದುಕೊಂಡ. ಧೂಳು ಹೊಡೆದ. ಫ್ಯಾನಿನ ರೆಕ್ಕೆಗಳನ್ನು ಒಂದೊಂದಾಗಿ ಒರೆಸಿದ. ಒಣಗಿದ ಲೇಪವನ್ನು ಕೆರೆದು ಹೊಸದು ಹಚ್ಚಿ, ಅಂಚಿಗೆ ಹರಡಿದ್ದನ್ನು ಉಗುರಿಗೆ ಬಟ್ಟೆ ಸುತ್ತಿ ತೆಗೆದ. ಒಂದು ಗಂಟೆ ಹಿಡಿಯಿತು. ಮುಚ್ಚಿ, ಆಟ ಹಾಕಿದ. ಸದ್ದಿಲ್ಲ. ಕಾರು ಹೊರಟಿತು, ರಸ್ತೆ ನೀರಿನಂತೆ ಹರಿಯಿತು. ಪರದೆಯ ಮೂಲೆಯಲ್ಲಿ ಐವತ್ತೆಂಟು.

ಫೋಟೋಗ್ರಾಫರ್ ಮುಂದಕ್ಕೆ ಬಗ್ಗಿ ಅಂಕೆ ನೋಡಿದ, ಚೀಟಿ ನೋಡಿದ. ಅವನ ಮುಖ ಅರಳಿತು.

"ನೋಡಿದ್ರಾ, ಸರಿಯಾಗಿ ಅಷ್ಟೇ ಇದೆ. ಅವರು ಸರಿಯಾಗೇ ಬರೆದಿದಾರೆ."

ಮಾವ ಬ್ರಷ್ಷನ್ನು ಮೇಜಿನ ಅಂಚಿಗೆ ಎರಡು ಸಲ ಬಡಿದು ಧೂಳು ಕೊಡವಿದ.

"ಹೌದು" ಎಂದ. "ಸರಿಯಾಗೇ ಬರೆದಿದಾರೆ."